ಬ್ಯಾಂಕಾಕಿನಿಂದ, ಕೊಪ್ಪೆ ಹಾಕಿಕೊಂಡು

ಭಟ್ಟಾ,

ನೀನು ನಗುತ್ತೀಯ ಅಂತ ಗೊತ್ತು. ಬ್ಯಾಂಕಾಕಿಗೆ ಬಂದು ನಾನು ಮೊದಲು ಕೊಂಡದ್ದು ಪ್ಲಾಸ್ಟಿಕ್ ಕೊಪ್ಪೆ. ಮಳೆಯಲ್ಲಿ ತೋಟಕ್ಕೆ ಹೋಗುವಾಗ ನೀನು ತಲೆ ಮೇಲಿಂದ ಹಾಕಿಕೊಳ್ಳುತ್ತೀಯಲ್ಲ, ಅದರದ್ದೇ ತಮ್ಮ. ಬಣ್ಣ ಗುಲಾಬಿ. ಸೆವೆನ್ ಇಲೆವೆನ್ ಅಂಗಡಿಯಲ್ಲಿ ಉಳಿದಿದ್ದು ಅದೊಂದೇ. ತೀರ್ಥಹಳ್ಳಿಯ ಆ ಘಟನೆ ಆದ ಮೇಲೆ ನಾನು ಛತ್ರಿ ಮುಟ್ಟುವುದಿಲ್ಲವಲ್ಲ.

ಸೆಪ್ಟೆಂಬರ್ ಇಲ್ಲಿ ಜಡಿಮಳೆಯ ತಿಂಗಳು. ನಮ್ಮ ಹಾಗೆ ದಿನವಿಡೀ ಜಿಟಿಜಿಟಿ ಅಲ್ಲ. ಮಧ್ಯಾಹ್ನ ಬೆವರಿಳಿಸಿ, ಸಂಜೆ ಆಫೀಸು ಬಿಡುವ ಹೊತ್ತಿಗೆ ಸರಿಯಾಗಿ ಧೋ ಅಂತ ಸುರಿಯುತ್ತದೆ. ಊರು ಸಮುದ್ರಮಟ್ಟಕ್ಕಿಂತ ಸುಮಾರು ಒಂದೂವರೆ ಮೀಟರ್ ಎತ್ತರ, ಅಷ್ಟೇ. ಹಳೇ ಕಾಲುವೆ ಎಷ್ಟೋ ಮುಚ್ಚಿ ರಸ್ತೆ ಮಾಡಿದ್ದಾರೆ. ನೀರು ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ ಮನೆ ಮಾಡಿಕೊಂಡಿರುವ ನಾನು ಈ ಬಗ್ಗೆ ಮಾತಾಡುವ ಹಾಗಿಲ್ಲ, ಬಿಡು.

ಲುಂಪಿನಿ ಪಾರ್ಕಿನಲ್ಲಿ ಮೊಸಳೆಯಷ್ಟು ದೊಡ್ಡ ಉಡ ನೋಡಿದೆ. ನಿನ್ನ ನೆನಪಾಯಿತು. ಯಾಕೆ ಅಂತ ಇಲ್ಲಿ ಬರೆಯುವುದಿಲ್ಲ.

ಉಳಿದಿರುವ ಕಾಲುವೆಗಳಲ್ಲಿ ಒಂದು ಸೇನ್ ಸೇಪ್. 1837ರಲ್ಲಿ ತೋಡಲು ಶುರು ಮಾಡಿದ್ದು. ಅದರಲ್ಲಿ ಸಿಟಿ ಬಸ್ಸಿನ ಹಾಗೆ ದೋಣಿ ಓಡುತ್ತದೆ. ಕಂಡಕ್ಟರ್ ಹೆಲ್ಮೆಟ್ ಹಾಕಿಕೊಂಡು ದೋಣಿಯ ಹೊರ ಅಂಚಿನ ಮೇಲೆ ನಡೆಯುತ್ತಲೇ ಟಿಕೆಟ್ ಕೊಡುತ್ತಾರೆ. ಎದುರು ದೋಣಿ ಬಂದರೆ ಕೊಳಕು ನೀರು ಎರಚದಂತೆ, ಅಂಚಿನಲ್ಲಿ ಕೂತವರು ಹಗ್ಗ ಎಳೆದು ಟಾರ್ಪಾಲು ಮೇಲೆತ್ತಬೇಕು. ಅಂಚಿನಲ್ಲಿ ಕೂತಿದ್ದವನು ನಾನು. ಫೋನ್ ನೋಡುತ್ತಾ ಕೂತಿದ್ದೆ. ಹಿಂದಿನಿಂದ ಒಬ್ಬ ಅಜ್ಜಿ ನನ್ನ ಹೆಗಲ ಮೇಲೆ ಕೈ ಚಾಚಿ ಹಗ್ಗ ಎಳೆದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫೋನಿನಲ್ಲಿ ಇದ್ದದ್ದು ಅಮ್ಮನ ಮಿಸ್ಡ್ ಕಾಲ್.

ಇಳಿದು ತಗಡಿನ ಸೂರಿನ ಕೆಳಗೆ ನಿಂತು ಫೋನ್ ಮಾಡಿದೆ. “ಅಲ್ಲೂ ಮಳೆಯಾ? ಎಂಥ ಸದ್ದು!” ಅಂದಳು. “ಹೂಂ, ಬೆಂಗಳೂರಲ್ಲೂ ಹಿಡಿದಿದೆ” ಅಂದೆ. ಬಾಯಲ್ಲಿ ಎಷ್ಟು ಸಲೀಸಾಗಿ ಬಂತು ಅಂತೀಯ! ಹಿಂದಿನ ವಾರ ಅವಳು, ಮಂಗ ಹೆಂಚು ಒಡೆದಿದೆ, ಅಡಿಗೆಮನೆ ಸೋರುತ್ತಿದೆ, ಒಮ್ಮೆ ಬಂದು ಹೋಗು ಅಂದಿದ್ದಳು. ರಜೆ ಇಲ್ಲ ಅಂದಿದ್ದೆ. ಆಗಲೇ ಇಲ್ಲಿಗೆ ಟಿಕೆಟ್ ಆಗಿತ್ತು.

“ಭಟ್ಟ ಬಂದು ಸರಿಮಾಡಿದ. ಪಾಚಿ ಮೇಲೆ ಕಾಲು ಜಾರಿತಂತೆ, ಏನೂ ಆಗಲಿಲ್ಲ” ಅಂದಳು. ನೀನು ನನಗೆ ಹೇಳಲೇ ಇಲ್ಲ.

ಮಳೆಗಾಲದಲ್ಲಿ ಇಲ್ಲಿನ ಭಿಕ್ಷುಗಳು ಮೂರು ತಿಂಗಳು ಒಂದೇ ಕಡೆ ಉಳಿಯುತ್ತಾರೆ. ಅದಕ್ಕೆ ‘ಫನ್ಸಾ’ ಅನ್ನುತ್ತಾರೆ. ನಮ್ಮ ಸಂಸ್ಕೃತದ ‘ವರ್ಷ’ವೇ ಇಲ್ಲಿ ಹೀಗಾಗಿದೆ; ಪಾಳಿಯಲ್ಲಿ ಅದು ‘ವಸ್ಸ’. ನಮ್ಮ ಸ್ವಾಮಿಗಳ ಚಾತುರ್ಮಾಸದ ಹಾಗೇ, ಅಲ್ವಾ? ಭಿಕ್ಷುವಿನ ಹಿರಿತನ ಲೆಕ್ಕ ಹಾಕುವುದೂ ಎಷ್ಟು ಫನ್ಸಾ ಕಳೆದರು ಅಂತಲೇ. ನಾನು ಊರಿನ ಮಳೆ ನೋಡದೆ ಮೂರು ಫನ್ಸಾ ಆಯಿತು. ಕೇಳಿದವರಿಗೆಲ್ಲ ಕೆಲಸ ಅಂದಿದ್ದೇನೆ. ಕೆಲಸ ಅಲ್ಲ. ಮಾಡು ಹತ್ತುವುದು ಅಪ್ಪನ ಪಾಲಿನದಾಗಿತ್ತು. ಏಣಿ ಇನ್ನೂ ಅಪ್ಪ ಇಟ್ಟಲ್ಲೇ ಇತ್ತು. ನಾನು ಬಂದರೆ ಅದನ್ನು ನಾನೇ ಎತ್ತಬೇಕಲ್ಲ. ಈಗ ನೀನು ಎತ್ತಿದ್ದೀಯ. ತಿರುಗಿ ಎಲ್ಲಿಟ್ಟೆ?

ಇದನ್ನೆಲ್ಲ ಬರೆಯಬೇಕು ಅಂತಿರಲಿಲ್ಲ. ದೋಣಿ ಮತ್ತು ಉಡ ಬರೆದು, ಎರಡು ಫೋಟೋ ಹಾಕಿ, ನಾಲ್ಕು ಲೈಕ್ ತಗೊಂಡು ಮಲಗುವ ಪ್ಲಾನಿತ್ತು. ನಿನಗೂ ಒಂದು ಕೊಪ್ಪೆ ತರುತ್ತೇನೆ. ಗುಲಾಬಿಯೇ. ಹಾಕಿಕೊಂಡು ತೋಟಕ್ಕೆ ಇಳಿ, ಮಂಗ ಓಡಿಹೋಗುತ್ತದೆ.

ಅಮ್ಮ ಫೇಸ್‌ಬುಕ್ ನೋಡುವುದಿಲ್ಲ, ಆ ಧೈರ್ಯದಲ್ಲೇ ಹಾಕುತ್ತಿದ್ದೇನೆ. ಆದರೆ ಚಿಕ್ಕಮ್ಮ ನೋಡುತ್ತಾರೆ. ಚಿಕ್ಕಮ್ಮಾ, ಇಲ್ಲಿವರೆಗೆ ಓದಿದ್ದರೆ ಸುಮ್ನೆ ಒಂದು ಮಾತು ಹೇಳಿ: ನಿಮಗೆ ಹಳದಿ ಆಗುತ್ತಾ, ನೀಲಿ ತರಲಾ?