ಫೋನಿಗೆ ಮಾಡಿದ ಮಾಸ್ಟರ್ ಪ್ಲೇಟಿಗೆ ಆಗದು

ಮಾನ್ಯರೇ,

ತಾಳವಾದ್ಯದ ಹಂಗಿಲ್ಲದೆ ಸ್ವರಗಳನ್ನು ಉದ್ದಕ್ಕೆ ಎಳೆದು, ಡಿಲೇ (ಮರುನುಡಿ), ರಿವರ್ಬ್‌ (ಅನುರಣನ) ಪರಿಣಾಮಗಳಲ್ಲಿ ಹರಡಿ ನುಡಿಸುವ ಆಂಬಿಯೆಂಟ್ ಗಿಟಾರ್ ಸಂಗೀತವನ್ನು ಮನೆಯಲ್ಲೇ ಧ್ವನಿಮುದ್ರಿಸುವ ಯುವಕರು ನಮ್ಮ ಚಿಕ್ಕಮಗಳೂರು, ಹಾಸನ ಕಡೆಯೂ ಇದ್ದಾರೆ. ನೂರಿನ್ನೂರು ಪ್ರತಿಗಳ ವಿನೈಲ್ ಪ್ಲೇಟು ತರಬೇಕೆಂಬ ಆಸೆ ಅವರಿಗಿದೆ. ಮುಂಬೈನಲ್ಲಿ ಪ್ಲೇಟು ಒತ್ತುವ ಕಾರ್ಖಾನೆ ಮತ್ತೆ ಬಂದಿರುವುದರಿಂದ ಹೊರದೇಶದಿಂದಲೇ ತರಿಸಬೇಕೆಂಬ ಕಟ್ಟುಪಾಡೂ ಇಲ್ಲ. ಆದರೆ ಫೋನಿನಲ್ಲಿ ಕೇಳಲೆಂದು ಸಿದ್ಧಪಡಿಸಿ ಯೂಟ್ಯೂಬಿಗೆ ಹಾಕಿದ ಮಾಸ್ಟರನ್ನೇ, ಅಂದರೆ ಅಂತಿಮ ಧ್ವನಿ ಫೈಲನ್ನೇ, ಕಾರ್ಖಾನೆಗೂ ಕಳಿಸಿದರೆ ಖರ್ಚೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಯಾಕೆಂದು ಹೇಳಲು ಈ ಪತ್ರ.

12 ಇಂಚಿನ ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಹೊರ ಅಂಚಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೆರೆ ಹಾದುಹೋಗುತ್ತದೆ, ಲೇಬಲ್ ಹತ್ತಿರ ಬಂದಾಗ 21 ಸೆಂ.ಮೀ. ಮಾತ್ರ. ಅಲ್ಲಿ ತಾರಕದ ಕಂಪನಗಳು ಇಕ್ಕಟ್ಟಾಗಿ ಒರಟು ಕೇಳುತ್ತವೆ. ಹಾಗಾಗಿ ಶಿಮ್ಮರ್ ರಿವರ್ಬ್ (ತಾರಕ ಸ್ವರ ಬೆರೆತ ಅನುರಣನ) ತುಂಬಿದ, ಹೊಳಪು ಹೆಚ್ಚಿರುವ ರಚನೆ ಪ್ರತಿ ಮಗ್ಗುಲಿನ ಮೊದಲಿಗೆ ಬರಲಿ, ಮಂದ್ರದ್ದು ಕೊನೆಗೆ. ಒಂದು ಮಗ್ಗುಲು 18 ನಿಮಿಷದೊಳಗಿದ್ದರೆ ಒಳ್ಳೆಯದು, 22 ದಾಟಲೇಬಾರದು. ಮೆಲುದನಿಯ ಸಂಗೀತಕ್ಕೆ ಕಿರಿದಾದ ಗೆರೆ ಸಾಕು, ಇನ್ನೂ ಹೆಚ್ಚು ನಿಮಿಷ ಹಿಡಿಸಬಹುದಲ್ಲ ಎನ್ನುವವರಿದ್ದಾರೆ. ಹಿಡಿಸುತ್ತದೆ ನಿಜ. ಆದರೆ ಸದ್ದಿನ ಮಟ್ಟ ಇಳಿದಷ್ಟೂ ಪ್ಲೇಟಿನ ಸರಸರ ಸದ್ದು ಮೇಲೆ ಬರುತ್ತದೆ. ರಾಕ್ ಸಂಗೀತದಲ್ಲಿ ಡ್ರಮ್ಮಿನಡಿ ಮುಚ್ಚಿಹೋಗುವ ಆ ಸದ್ದು, ಒಂದೇ ಸ್ವರ ಹತ್ತು ಸೆಕೆಂಡು ಕರಗುವ ಕಡೆ ಮುಚ್ಚುವುದಿಲ್ಲ.

ಹೆಚ್ಚು ಕೆಡುವುದು ಮಂದ್ರದಲ್ಲಿ. ಗಿಟಾರಿನ ದಪ್ಪ ತಂತಿ 82 ಹರ್ಟ್ಸ್. ಸ್ವರವನ್ನು ಒಂದು ಸ್ಥಾಯಿ ಕೆಳಗಿಳಿಸುವ ಆಕ್ಟೇವ್ ಪೆಡಲ್ ಹಾಕಿದರೆ 41. ಅದನ್ನು ಸ್ಟೀರಿಯೋ ಕೋರಸ್‌ನಲ್ಲಿ ಎಡಬಲಕ್ಕೆ ಹರಡಿದಾಗ ಎರಡು ಕಡೆಯ ಅಲೆಗಳು ಒಂದಕ್ಕೊಂದು ತಿರುಗಿಬೀಳುತ್ತವೆ. ಎಡಬಲ ಒಂದೇ ಆಗಿದ್ದರೆ ಮುಳ್ಳು ಅಡ್ಡಡ್ಡ ಓಲಾಡುತ್ತದೆ, ವಿರುದ್ಧವಾಗಿದ್ದರೆ ಮೇಲೆ ಕೆಳಗೆ ಕುಣಿಯುತ್ತದೆ. ಕೊರೆಯುವಾಗ ಗೆರೆ ತೆಳುವಾಗಿ, ಮನೆಯ ಟರ್ನ್‌ಟೇಬಲ್‌ನಲ್ಲಿ ಮುಳ್ಳು ಹಾರುವುದು ಇದರಿಂದಲೇ. ಮಿಕ್ಸ್ ಮುಗಿದ ಮೇಲೆ ಒಮ್ಮೆ ಮೋನೋ ಮಾಡಿ, ಅಂದರೆ ಎಡಬಲ ಎರಡನ್ನೂ ಒಂದಾಗಿ ಬೆರೆಸಿ ಕೇಳಿ. ಮಂದ್ರ ಮಾಯವಾದರೆ ದೋಷ ಇದೆ ಎಂದೇ ಅರ್ಥ. 150 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ನಡುವಿಗೆ ತಂದುಬಿಡಿ. ಸದ್ದಿನ ಏರುಗಳನ್ನು ತಡೆಯುವ ಲಿಮಿಟರ್‌ನಿಂದ ಒತ್ತಿ ಒತ್ತಿ ಜೋರು ಮಾಡಬೇಡಿ. ಮಗ್ಗುಲಿಗೊಂದರಂತೆ 24 ಬಿಟ್‌ನ ಎರಡು ವೇವ್ ಫೈಲ್ ಸಾಕು, ರಚನೆಗಳ ನಡುವಿನ ಮೌನವೂ ಅದರೊಳಗೇ ಇರಲಿ.

ಕೊನೆಯ ಲೂಪನ್ನು (ಮರುಕಳಿಸುವ ತುಣುಕನ್ನು) ಒಳಗಿನ ಮುಚ್ಚುಗೆರೆಯಲ್ಲಿ, ಅಂದರೆ ತನ್ನಲ್ಲೇ ಸುತ್ತಿ ಸೇರುವ ಗೆರೆಯಲ್ಲಿ, ಕೊರೆಸಿ, ಮುಳ್ಳು ಎತ್ತುವವರೆಗೂ ನುಡಿಯುವಂತೆ ಮಾಡುವ ಆಸೆ ಇದ್ದರೆ, ಒಂದು ಸುತ್ತು ಸರಿಯಾಗಿ 1.8 ಸೆಕೆಂಡು ಎಂಬುದು ನೆನಪಿರಲಿ. ನಾಲ್ಕು ಬೀಟ್ ಕೂರಬೇಕಾದರೆ ವೇಗ ನಿಮಿಷಕ್ಕೆ 133⅓ ಬೀಟ್ ಇರಬೇಕು.

ಗೆರೆ ಮೊದಲು ಕೊರೆಯುವ ಲ್ಯಾಕರ್ ತಟ್ಟೆ, ಅದರ ಮೇಲಿನ ನಿಕ್ಕಲ್ ಲೇಪನ, ಅದರಿಂದ ಮಾಡುವ ಒತ್ತಚ್ಚು ಅಂದರೆ ಸ್ಟ್ಯಾಂಪರ್, ಇವುಗಳ ಖರ್ಚು ನೂರು ಒತ್ತಿದರೂ ಅಷ್ಟೇ, ಮುನ್ನೂರಕ್ಕೂ ಅಷ್ಟೇ. ಇಷ್ಟು ಖರ್ಚು ಮಾಡಿ, ಎಲ್ಲ ಪ್ರತಿ ಒತ್ತುವ ಮೊದಲು ಕೇಳಿ ನೋಡುವ ಪರೀಕ್ಷಾ ಪ್ರತಿ ಬೇಡ ಎನ್ನುವುದು ನಮ್ಮ ಪ್ರಕಾರ ದೊಡ್ಡ ತಪ್ಪು. ಐದು ಪ್ರತಿ ತರಿಸಿ, ಬೇರೆ ಬೇರೆ ಟರ್ನ್‌ಟೇಬಲ್‌ಗಳಲ್ಲಿ ಪೂರ್ತಿ ಕೇಳಿ. ಐದರಲ್ಲೂ ಅದೇ ಜಾಗದಲ್ಲಿ ಟಕ್ ಎಂದರೆ ದೋಷ ಸ್ಟ್ಯಾಂಪರ್‌ನದು ಅಥವಾ ಲ್ಯಾಕರ್‌ನದು. ಒಂದರಲ್ಲಷ್ಟೇ ಎಂದರೆ ಆ ಪ್ರತಿಯದು ಮಾತ್ರ. ಬಟ್ಟೆ ಹರಿದಂಥ ಸದ್ದು ಬಂದರೆ, ಒತ್ತುವಾಗ ಶಾಖ ಸಾಲದೆ ಪ್ಲೇಟಿನ ಪ್ಲಾಸ್ಟಿಕ್ ಆದ ಪಿವಿಸಿ ಗೆರೆಯೊಳಕ್ಕೆ ಪೂರ್ತಿ ಇಳಿದಿಲ್ಲ. ನಡುವಿನ ತೂತು ಸ್ವಲ್ಪ ಸರಿದಿದ್ದರೂ ಸ್ವರ 1.8 ಸೆಕೆಂಡಿಗೊಮ್ಮೆ ಏರಿಳಿಯುತ್ತದೆ. ಮಾತಿನ ಪ್ಲೇಟಿನಲ್ಲಿ ಅದು ಗೊತ್ತೇ ಆಗದು, ಎಳೆದ ಗಿಟಾರ್ ಸ್ವರದಲ್ಲಿ ಮೊದಲ ನಿಮಿಷಕ್ಕೇ ಕಿವಿಗೆ ಚುಚ್ಚುತ್ತದೆ. ಇದನ್ನು ಖಂಡಿತ ಒಪ್ಪಬೇಡಿ.

180 ಗ್ರಾಂ ಪ್ಲೇಟಿಗೆ ಹೆಚ್ಚು ಹಣ ಕೊಡಬೇಕಿಲ್ಲ. ಗೆರೆಯ ಆಳ ಅದೇ, 140 ಗ್ರಾಂ ಸಾಕು. ಚಿತ್ರ ಅಚ್ಚಾದ ಪ್ಲೇಟು ನೋಡಲು ಚೆಂದ, ಆದರೆ ಸರಸರ ಸದ್ದು ಹೆಚ್ಚು. ಮೆಲುದನಿಗೆ ಕಪ್ಪೇ ಸರಿ.

ಕೊಳ್ಳುವವರಿಗೂ ಒಂದು ಮಾತು. ಮೂಡಿಗೆರೆ, ಶೃಂಗೇರಿ, ಸಕಲೇಶಪುರದ ಮಳೆಗಾಲದಲ್ಲಿ ರಟ್ಟಿನ ಹೊದಿಕೆ ಬೂಷ್ಟು ಹಿಡಿದು, ಬೂಷ್ಟು ಗೆರೆಗೂ ಇಳಿಯುತ್ತದೆ. ಕಾಗದದ ಒಳಚೀಲ ತೆಗೆದು ಪ್ಲಾಸ್ಟಿಕ್ ಒಳಪದರದ್ದು ಹಾಕಿ, ಪ್ಲೇಟನ್ನು ನೆಟ್ಟಗೆ ನಿಲ್ಲಿಸಿ, ಹೊರಗೋಡೆಗೆ ತಾಗಿಸದೆ ಇಡಿ. ಬೂಷ್ಟು ಬಂದರೆ ಡಿಸ್ಟಿಲ್ಡ್ ವಾಟರ್‌ಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ಗೆರೆಯ ಗುಂಟ ಒರೆಸಬಹುದು. ಅಟ್ಟದ ಮೇಲಿರುವ ಅಜ್ಜನ ಕಾಲದ 78 ಸುತ್ತಿನ ಅರಗಿನ ಪ್ಲೇಟಿಗೆ ಮಾತ್ರ ಆಲ್ಕೋಹಾಲ್ ಸೋಕಿಸಲೇಬೇಡಿ, ಮೈಯೇ ಕರಗುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ವಿನೈಲ್ ಬಾಗುತ್ತದೆ. ಅಂಚೆಯಲ್ಲಿ ಕಳಿಸುವಾಗ ಪ್ಲೇಟನ್ನು ಹೊದಿಕೆಯಿಂದ ಹೊರತೆಗೆದು ಹಿಂಬದಿಗಿಡಿ, ಇಲ್ಲದಿದ್ದರೆ ಅದು ಒಳಗಿಂದ ಗುದ್ದಿ ಹೊದಿಕೆಯ ಅಂಚು ಸೀಳುತ್ತದೆ.

ಸೀಮಿತ ಆವೃತ್ತಿ ಎಂದ ಮೇಲೆ ಒಟ್ಟು ಎಷ್ಟು ಪ್ರತಿ ಎಂಬುದನ್ನು ಹೊದಿಕೆಯ ಮೇಲೆ ಅಚ್ಚು ಹಾಕಿಸಿ, ಪ್ರತಿಯೊಂದಕ್ಕೂ ಕೈಯಲ್ಲೇ ಸಂಖ್ಯೆ ಬರೆಯಿರಿ. ಮುಂದೆ ಮತ್ತೆ ಒತ್ತಿಸಿದರೆ ಎರಡನೇ ಮುದ್ರಣ ಎಂದು ನಮೂದಿಸಿ, ಹೊದಿಕೆಯ ಬಣ್ಣವನ್ನೂ ಬದಲಿಸಿ.

– ಧ್ವನಿಮುದ್ರಣಾಸಕ್ತ ಗೆಳೆಯರು, ಚಿಕ್ಕಮಗಳೂರು