ಪೇಸ್ಟ್ ಸ್ಪೆಷಲ್ ಕಾಣದಿದ್ದರೆ ಗಾಬರಿ ಬೇಡ

ಮಾನ್ಯರೆ,

ಮದ್ದೂರು ಕಡೆಯ ಹಾಲು ಸಂಘವೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಬಟವಾಡೆ ಹತ್ತಿರ ಬಂದಾಗ ಎಕ್ಸೆಲ್‌ನಲ್ಲಿ ‘ಪೇಸ್ಟ್ ಸ್ಪೆಷಲ್’ (ಕಾಪಿ ಮಾಡಿದ್ದರಲ್ಲಿ ಬೇಕಾದದ್ದನ್ನಷ್ಟೇ ಅಂಟಿಸುವ ಆಯ್ಕೆ) ಸಿಗದಿದ್ದರೆ ಕೈಕಾಲೇ ಆಡುವುದಿಲ್ಲ. ಫ್ಯಾಟ್ ಲೆಕ್ಕದ ಫಾರ್ಮುಲಾ ಬಿಟ್ಟು ಬರೀ ಮೊತ್ತ ಅಂಟಿಸಬೇಕು, ಅಲ್ವಾ? ಇಲ್ಲದಿದ್ದರೆ ಒಬ್ಬರ ಹಾಲಿನ ದುಡ್ಡು ತಪ್ಪಾಗಿಬಿಡುತ್ತದೆ.

ಇದಕ್ಕೆ ಸುಮ್ನೆ ರಿಪೇರಿಯವರಿಗೆ ದುಡ್ಡು ಕೊಡಬೇಡಿ. ಕಟ್ ಮಾಡಿದ್ದರೆ ಆ ಆಯ್ಕೆ ಬರುವುದೇ ಇಲ್ಲ, ಕಾಪಿಯೇ ಮಾಡಬೇಕು. ಕಾಪಿ ಮಾಡಿ ಎಸ್ಕೇಪ್ ಒತ್ತಿದರೂ ಹೋಗುತ್ತದೆ. ಅಂಟಿಸಿದ ಮೇಲೆ ಬರುವ ಚಿಕ್ಕ ಬಟನ್ ಕಾಣದಿದ್ದರೆ ಫೈಲ್, ಆಪ್ಷನ್ಸ್, ಅಡ್ವಾನ್ಸ್‌ಡ್‌ಗೆ ಹೋಗಿ ‘ಶೋ ಪೇಸ್ಟ್ ಆಪ್ಷನ್ಸ್ ಬಟನ್’ ಎಂಬಲ್ಲಿ ಟಿಕ್ ಹಾಕಿ.

ಸಂಘಗಳ ಸಿಬ್ಬಂದಿಗೆ ಕಂಪ್ಯೂಟರ್ ತರಬೇತಿ ಕೊಡುವವರು ಟೈಪಿಂಗ್‌ಗಿಂತ ಜಾಸ್ತಿ ಇಂಥದ್ದನ್ನು ಕಲಿಸಲಿ. ಅದೂ ಕನ್ನಡದಲ್ಲೇ.

– ಹಾಲು ಸಂಘದ ಗುಮಾಸ್ತ, ಮಂಡ್ಯ ಜಿಲ್ಲೆ