ಕಣ್ಣು ಎಲ್ಲಿ ನಿಂತಿತು?

ನೀರ್ಚಾಲು, ಭಾನುವಾರ

ಪುಟ್ಟಿ,

ನಿನ್ನ ಕಾಗದ ಬಂತು. ಮಂಗಳೂರಿನ ಅಲೋಶಿಯಸ್ ಚಾಪೆಲಿನ ಚಿತ್ರ ನೋಡಲು ಹೋಗಿ ಅತ್ತುಬಿಟ್ಟೆಯಂತೆ. ಜತೆಯವರು ನಕ್ಕರಂತೆ. "ನಮ್ಮ ದೇವರೂ ಅಲ್ಲ, ಯಾಕೆ ಅಳು ಬಂತು ಮಾವ?" ಅಂತ ಕೇಳಿದ್ದೀಯ.

ಬಯಲಾಟದಲ್ಲಿ ಚಂದ್ರಮತಿ ಸತ್ತ ಲೋಹಿತಾಶ್ವನನ್ನು ತೊಡೆ ಮೇಲೆ ಹಾಕಿಕೊಂಡು ಅಳುವಾಗ ನೀನು ನನ್ನ ಶಾಲಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. ಆಗ ನಿನಗೆ ಎಂಟು ವರ್ಷ. ಅದೇ ಚಂದ್ರಮತಿ ವೇಷ ಕಟ್ಟುವ ಚೌಕಿಯಲ್ಲಿ ಲುಂಗಿ ಕಟ್ಟಿಕೊಂಡು ಚಾ ಕುಡಿಯುವುದನ್ನು ನೋಡಿಯೇ ಬಂದಿದ್ದೆ. ಆದರೂ ಅತ್ತೆ, ಅಲ್ವಾ? ಅವತ್ತು ಯಾಕೆ ಅಂತ ಕೇಳಲಿಲ್ಲ.

ಅಳು ಬಂದರೆ ಬರಲಿ, ನಾಚಿಕೆ ಬೇಡ. ಆದರೆ ಅಲ್ಲಿಗೇ ನಿಲ್ಲಬೇಡ. ಕಣ್ಣು ಒರೆಸಿಕೊಂಡು ಪುನಃ ತಲೆ ಎತ್ತಿ ನೋಡು. ಕಣ್ಣು ಎಲ್ಲಿ ನಿಂತಿತು? ನಿನ್ನ ಕಾಗದದಲ್ಲಿ ಅಳು ಎರಡು ಪುಟ, ಚಿತ್ರ ಒಂದೂವರೆ ಸಾಲು. ಡ್ರಾಯಿಂಗ್ ಮಾಸ್ಟ್ರ ಸೊಸೆ ಹೀಗೆ ಬರೆದರೆ ಹೇಗೆ?

ಆ ಒಂದೂವರೆ ಸಾಲಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುವ ಹುಡುಗ ಅಂತ ಬರೆದಿದ್ದೀಯ. ಅವನೇ ಅಲೋಶಿಯಸ್ ಗೊನ್ಜಾಗ. ದೊಡ್ಡ ಮನೆತನದವನು, ಎಲ್ಲ ಬಿಟ್ಟು ಜೆಸ್ವಿಟ್ ಸನ್ಯಾಸಿಗಳ ಜತೆ ಸೇರಿದ. ರೋಮಿನಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಾ ತನಗೂ ಅಂಟಿಸಿಕೊಂಡು 1591ರಲ್ಲಿ ಸತ್ತ. ವಯಸ್ಸು 23. ನೀನು ನರ್ಸಿಂಗ್ ಎರಡನೇ ವರ್ಷ. ವಾರ್ಡಿನಿಂದ ನೇರ ಅಲ್ಲಿಗೆ ಹೋಗಿದ್ದೆ ಅಂತ ನೀನೇ ಬರೆದಿದ್ದೀಯ. ಇನ್ನು ನಾನೇನು ಹೇಳುವುದು!

ಆ ಚಾಪೆಲಿನ ಚಿತ್ರ ಬರೆದವನು ಇಟಲಿಯಿಂದ ಬಂದ ಬ್ರದರ್ ಅಂತೋನಿಯೊ ಮೊಸ್ಕೇನಿ, 1899ರಿಂದ ಸುಮಾರು ಎರಡು ವರ್ಷ. ಗೋಡೆಯಲ್ಲಿರುವುದು ಫ್ರೆಸ್ಕೋ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಾಕಿ ಮುಗಿಸಬೇಕು. ಒಣಗಿದ ಮೇಲೆ ತಪ್ಪು ಕಂಡರೆ ಕೆತ್ತಿ ತೆಗೆಯುವುದೇ.

ಇನ್ನೊಂದು ಚಿತ್ರ ಫೋನಿನಲ್ಲಿ ಹುಡುಕಿ ನೋಡು: ಈಸೆನ್‌ಹೈಮ್ ಅಂತ ಊರಿನ ಹೆಸರು, ಗ್ರ್ಯೂನೆವಾಲ್ಡ್ ಅಂತ ಚಿತ್ರಗಾರನ ಹೆಸರು. 1512ರಿಂದ 1516ರ ಒಳಗೆ ಬರೆದದ್ದು. ಆಗ ರೈ ಧಾನ್ಯಕ್ಕೆ ಒಂದು ಬೂಸ್ಟು ಬರುತ್ತಿತ್ತು. ಅದರ ರೊಟ್ಟಿ ತಿಂದವರಿಗೆ ಮೈಯೆಲ್ಲ ಬೆಂಕಿ ಇಟ್ಟ ಹಾಗೆ ಉರಿ, ಕೈಕಾಲು ಕೊಳೆತು ಹೋಗುತ್ತಿತ್ತು. ಅಂಥವರನ್ನು ನೋಡಿಕೊಳ್ಳುವ ಮಠಕ್ಕೆ ಬರೆದ ಚಿತ್ರ. ಅದರಲ್ಲಿ ಶಿಲುಬೆಯ ಮೇಲಿನ ಯೇಸುವಿನ ಮೈತುಂಬ ಹುಣ್ಣು. ಬೆರಳು ನೋಡು, ಸೆಟೆದು ಮೇಲಕ್ಕೆ ನಿಂತಿವೆ. ಚಂದದ ಚಿತ್ರ ಅಲ್ಲ. ಮೊದಲ ಸಲ ಪುಸ್ತಕದಲ್ಲಿ ನೋಡಿ ನಾನು ಪುಟ ಮಗುಚಿಬಿಟ್ಟಿದ್ದೆ. ಎದುರಿಗೆ ಬಂದು ನಿಲ್ಲುತ್ತಿದ್ದ ರೋಗಿಗೆ ಮಾತ್ರ ಅದು ತನ್ನದೇ ಮೈ.

ನನಗೆ ಇದು ತಡವಾಗಿ ತಿಳಿಯಿತು. ಕೆಲಸ ಸಿಕ್ಕಿದ ಹೊಸತರಲ್ಲಿ ನೆರೆಮನೆಯ ಬಾಯಮ್ಮನಲ್ಲಿಗೆ ಹೋಗಿದ್ದೆ. ಗೋಡೆಯಲ್ಲಿ ವ್ಯಾಕುಲ ಮಾತೆಯ ಪಟ, ಅಂದರೆ ಮಗನಿಗಾಗಿ ದುಃಖಿಸುವ ಯೇಸುವಿನ ತಾಯಿ, ಎದೆಗೆ ಏಳು ಕತ್ತಿ ನಾಟಿದ್ದು. ಕ್ಯಾಲೆಂಡರ್ ಪ್ರಿಂಟು, ತುಟಿಯ ಕೆಂಪು ಗೆರೆ ದಾಟಿ ಗಲ್ಲಕ್ಕೆ ಇಳಿದಿತ್ತು. "ಎಂಥ ಕೆಟ್ಟ ಬಣ್ಣ ಬಾಯಮ್ಮ" ಅಂದುಬಿಟ್ಟೆ. ಅವರ ದೊಡ್ಡ ಮಗ ಹೊಳೆಯಲ್ಲಿ ಹೋಗಿ ಒಂದು ವರ್ಷ ಆಗಿರಲಿಲ್ಲ. ಅವರು ಸಿಟ್ಟು ಮಾಡಲಿಲ್ಲ. ಸೆರಗಿನಿಂದ ಗಾಜು ಒರೆಸಿ, "ಇವಳಿಗೆ ಗೊತ್ತುಂಟು ಮಾಸ್ಟ್ರೇ" ಅಂದರು. ಅಷ್ಟೇ. ಚಾ ತರಲು ಒಳಗೆ ಹೋದರು.

ಚಾಪೆಲಿಗೆ ಇನ್ನೊಮ್ಮೆ ಒಬ್ಬಳೇ ಹೋಗು. ಪ್ರಾರ್ಥನೆ ಮಾಡುವವರ ಎದುರು ಸುಮ್ನೆ ಮೊಬೈಲ್ ಹಿಡಿಯಬೇಡ. ಒಂದೇ ಚಿತ್ರ ನೋಡು, ನೋಡಿದ್ದನ್ನು ಬರೆ.

ಸೆಪ್ಟೆಂಬರ್ 15 ವ್ಯಾಕುಲ ಮಾತೆಯ ಹಬ್ಬ. ಬೇಳದ ಇಗರ್ಜಿ ಅವಳ ಹೆಸರಿನದೇ, 1890ರದ್ದು. ರಜೆ ಸಿಕ್ಕಿದರೆ ಬಾ, ಇಬ್ಬರೂ ಹೋಗೋಣ. ಬಾಯಮ್ಮನ ಸಮಾಧಿಯೂ ಅಲ್ಲೇ ಉಂಟು. ಕೊಡೆ ತಾ, ನನ್ನದರ ಕಡ್ಡಿ ಮುರಿದಿದೆ.

ನಿನ್ನ ಮಾವ